ಹುಡುಗ್ರಿದ್ದ ಮನ್ಯಾಗ ನಾಯಿಮರಿ ಹಲ್ಲು ಹಚ್ಚೋದು ಬಿಡಿಸೋದು ಹ್ಯಾಂಗ: ಶುರುದಿಂದ ಕೊನಿತನಕ

ಶೇರು ನಮ್ಮನಿಗಿ ಬಂದು ನಾಕನೇ ದಿನ. ಸಂಜಿ ಏಳರ ಹೊತ್ತು, ನಾ ಅಡಿಗಿ ಮನ್ಯಾಗ ರೊಟ್ಟಿ ಬಡೀಲಾಕತ್ತಿದ್ದೆ, ಹಾಲ್‌ನ್ಯಾಗಿಂದ ಸಣ್ಣ ಮಗಳು ಚೀರಿದ ಸಪ್ಪಳ. ಓಡಿ ಬಂದು ನೋಡ್ತೀನಿ, ಅಕಿ ಸೋಫಾದ ಮ್ಯಾಗ ಹತ್ತಿ ನಿಂತಾಳ, ಫ್ರಾಕಿನ ಅಂಚು ಹರದದ, ಮೀನಖಂಡದ ಮ್ಯಾಗ ಕೆಂಪಗ ನಾಕು ಗೆರಿ, ಕೆಳಗ ಎರಡು ಅಂಗೈಯಷ್ಟಿರೋ ಮರಿ ಬಾಲ ಅಲ್ಲಾಡಿಸ್ಕೋತ ಮತ್ತ ಜಿಗೀಲಾಕ ನೋಡ್ಲಾಕತ್ತದ. ನಮ್ಮ ಅತ್ತಿಯವರು ಅಂದ್ರು, ಇದು ಕಡ್ಯಾ ನಾಯಿ ಆಗ್ತದ, ಎಲ್ಲಿಂದ ತಂದೀರಿ ಅಲ್ಲೇ ಬಿಟ್ಟು ಬರ್ರಿ. ಈಗ ಅದಕ ಒಂದೂವರಿ ವರ್ಷ, ಅದೇ ಮಗಳು ಅದರ ಬಾಯಾಗಿಂದ ಚೆಂಡು ತಗೋತಾಳ, ಅತ್ತಿಯವರು ಮುಂಜಾನಿ ಚಾ ಕುಡಿಯೋವಾಗ ಅವರ ಕಾಲ ಹತ್ರನೇ ಮಲ್ಕೊಂಡಿರ್ತದ. ನಡುವಿನ ಐದಾರು ತಿಂಗಳಿನ್ಯಾಗ ನಾವ್ ಏನ್ ಮಾಡಿದ್ವಿ, ಯಾವುದು ಕೆಲಸಕ್ಕ ಬಂತು, ಯಾವುದು ಉಲ್ಟಾ ಹೊಡೀತು ಎಲ್ಲ ಬರೀತೀನಿ, ಯಾಕಂದ್ರ ಕಲಬುರಗ್ಯಾಗ ಈಗ ಮರಿ ತರೋರು ಭಾಳ ಆಗ್ಯಾರ, ಆದ್ರ ಹಲ್ಲು ಹಚ್ಚಿತು ಅಂದ ಕೂಡ್ಲೇ ಹೊಡದು ಕಟ್ಟಿ ಹಾಕ್ತಾರ, ಇಲ್ಲಾ ರಿಂಗ್ ರೋಡಿನ ಕಡೆ ಬಿಟ್ಟು ಬರ್ತಾರ, ಅದು ನೋಡಿದ್ರ ಹೊಟ್ಟ್ಯಾಗ ಸಂಕಟ ಆಗ್ತದ.

ಎಲ್ಲಕ್ಕೂ ಮೊದ್ಲು: ಗೆರಿ ಬಿದ್ರ ಏನ್ ಮಾಡಬೇಕು

ಟ್ರೇನಿಂಗ್ ಮಾತು ಆಮ್ಯಾಗ. ಹಲ್ಲಿನಿಂದ ಚರ್ಮ ಕೆರೀತು ಅಂದ್ರ, ರಕ್ತ ಬರ್ಲಿ ಬಿಡ್ಲಿ, ನಳದ ನೀರು ಬಿಟ್ಟು ಸೋಪ್ ಹಚ್ಚಿ 15 ನಿಮಿಷ ತೊಳೀರಿ, ಗಡಿಯಾರ ನೋಡಿ ಪೂರಾ 15 ನಿಮಿಷ. ಖಾರಪುಡಿ, ಸುಣ್ಣ, ಅರಿಷಿಣ, ಎಣ್ಣಿ ಏನೂ ಹಚ್ಚಬ್ಯಾಡ್ರಿ, ನಮ್ಮ ಕಡೆ ಹಿರೇರು ಹಚ್ಚು ಅಂತಾರ, ಪ್ರೀತಿಲಿಂದ್ಲೇ ಅಂತಾರ, ಆದ್ರ ಅದರಿಂದ ಗಾಯ ಕೆಡ್ತದ. ಬಿಗಿ ಪಟ್ಟಿ ಕಟ್ಟಬ್ಯಾಡ್ರಿ. ಅವತ್ತೇ ಡಾಕ್ಟ್ರ ಹಂತ್ಯಾಕ ಹೋಗ್ರಿ. ಮರಿ ಸಣ್ಣದದ, ಮನ್ಯಾಗೇ ಇರ್ತದ, ಅದಕ್ಕೆಲ್ಲಿ ರೇಬೀಸ್ ಅಂತ ಅನಬ್ಯಾಡ್ರಿ, ಎರಡು ತಿಂಗಳ ಮರಿಗೂ ರೇಬೀಸ್ ಬರ್ತದ, ಬಂದ ಮ್ಯಾಗ ಔಷಧ ಇಲ್ಲ. ರಕ್ತ ಬರದ ಸಣ್ಣ ಗೆರಿಗೂ ಲಸಿಕಿ ಬೇಕಾಗ್ತದ, ರಕ್ತ ಬಂದಿದ್ರ ಗಾಯದ ಸುತ್ತ ಇನ್ನೊಂದು ಇಂಜೆಕ್ಷನ್ನೂ ಹಾಕ್ತಾರ. ಸರ್ಕಾರಿ ಆಸ್ಪತ್ರ್ಯಾಗ ಚರ್ಮದಾಗ ಹಾಕೋ ಸೂಜಿ 0, 3, 7, 28ನೇ ದಿನ ಬರ್ತದ. ನಮ್ಮ ಮಗಳಿಗಿ ನಾಕೂ ಹಾಕಿಸಿದ್ವಿ, ಒಂದು ತಪ್ಪಿಸ್ಲಿಲ್ಲ. ಮರಿಗಿ ಮೂರು ತಿಂಗಳಾದ್ಮ್ಯಾಗ ರೇಬೀಸ್ ಲಸಿಕಿ, ಅದಕ್ಕಿಂತ ಮೊದ್ಲು ಬ್ಯಾರೆ ರೋಗದ ಲಸಿಕಿ, ಹುಳದ ಔಷಧ, ಇವೆಲ್ಲ ಪಶು ಡಾಕ್ಟ್ರು ಬರದು ಕೊಡ್ತಾರ, ಆ ಕಾರ್ಡ್ ಫ್ರಿಜ್ಜಿನ ಮ್ಯಾಗ ಅಂಟಿಸಿಡ್ರಿ. ಮರಿಯ ಹುಳ ಹುಡುಗ್ರಿಗೂ ಬರ್ತಾವ, ಆಡಿದ ಮ್ಯಾಗ ಕೈ ತೊಳ್ಕೊಳೋದು ಕಡ್ಡಾಯ.

ಮರಿ ಯಾಕ ಕಡೀತದ

ಮರಿಗಿ ಕೈ ಇಲ್ಲ, ಅದಕ ಕೈ ಅಂದ್ರ ಬಾಯೇ. ನಾವು ಕೂಸಿದ್ದಾಗ ಸಿಕ್ಕಿದ್ದೆಲ್ಲ ಹಿಡದು ನೋಡ್ದಂಗ ಅದು ಬಾಯಿ ಹಾಕಿ ನೋಡ್ತದ. ತಾಯಿ ಹಂತ್ಯಾಕ, ಅಣ್ಣ ತಮ್ಮ ಮರಿಗೋಳ ಜೋಡಿ ಇದ್ದಾಗ ಒಂದು ಇನ್ನೊಂದಕ್ಕ ಜೋರ್ ಕಡೀತು ಅಂದ್ರ ಅದು ಕುಂಯ್ ಅಂದು ಆಟ ಬಿಟ್ಟು ಎದ್ದು ಹೋಗ್ತದ, ಹಿಂಗ ದಿನಕ್ಕ ಹತ್ತಾರು ಸಲ ಆಗಿ ಆಗಿ ಎಷ್ಟು ಜೋರ್ ಕಡದ್ರ ಆಟ ನಿಲ್ತದ ಅನ್ನೋದು ಮರಿಗಿ ತಿಳೀತದ. ಅದಕ್ಕೇ ಎಂಟು ವಾರಕ್ಕಿಂತ ಸಣ್ಣ ಮರಿ ತರಬಾರದು, 2017ರ ಕೇಂದ್ರ ಸರ್ಕಾರದ ನಿಯಮದಾಗೂ ಎಂಟು ವಾರದ ಒಳಗಿನ ಮರಿ ಮಾರೋ ಹಂಗಿಲ್ಲ. ಶೇರುಗ ತಂದು ಕೊಟ್ಟೋರು ಎರಡು ತಿಂಗಳದ್ದು ಅಂದಿದ್ರು, ಪಶು ಡಾಕ್ಟ್ರು ಹಲ್ಲು ನೋಡಿ ಒಂದೂವರಿ ತಿಂಗಳ ಆಗಿದ್ರ ಹೆಚ್ಚು ಅಂದ್ರು. ಅಂದ್ರ ಮರಿಗೋಳ ಜೋಡಿ ಕಲೀಬೇಕಿದ್ದದ್ದನ್ನ ಅದು ನಮ್ಮ ಮಗಳ ಕಾಲಿನ ಮ್ಯಾಗ ಕಲೀಲಾಕತ್ತಿತ್ತು. ನಿಮ್ಮ ಮರಿ ಹಂಗ ಬಂದಿದ್ರ ಅದರ ತಪ್ಪೇನೂ ಇಲ್ಲ, ಕಲಿಸೋದು ನಮ್ಮ ಮ್ಯಾಗ ಬಂತು, ಅಷ್ಟೇ.

ಅದರಾಗ ಹುಡುಗ್ರೇ ಯಾಕ ಭಾಳ ಕಡಿಸ್ಕೋತಾರ? ಓಡ್ತಾರ, ಚೀರ್ತಾರ, ಕೈ ಮ್ಯಾಗೆತ್ತಿ ಬೀಸ್ತಾರ. ಮರಿ ಕಣ್ಣಿಗಿ ಅದೆಲ್ಲ ಬಾ ಆಡೋಣು ಅಂತ ಕರದಂಗ. ಹಲ್ಲು ಹಚ್ಚಿದ್ರ ಇನ್ನಾ ಜೋರ್ ಚೀರಿ ಇನ್ನಾ ಜೋರ್ ಓಡ್ತಾರ, ಅಲ್ಲಿಗಿ ಮರಿಗಿ ಪಾಠ ಆಯ್ತು, ಕಡದ್ರ ಆಟ ಮಸ್ತ್ ಆಗ್ತದ ಅಂತ. ಈ ಪಾಠನೇ ತಿರುವಿ ಹಾಕಬೇಕು, ಹಲ್ಲು ಹಚ್ಚಿದ್ರ ಆಟ ಬಂದ್, ಹಚ್ಚದಿದ್ರ ಆಟ ಚಾಲು. ಮುಂದಿಂದೆಲ್ಲ ಇದನ್ನ ಮನಿ ಮಂದಿಯೆಲ್ಲ ಒಂದೇ ಥರ ಮಾಡೋದು ಹ್ಯಾಂಗ ಅನ್ನೋದೇ.

ಒಂದನೇ ಹೆಜ್ಜಿ: ಮನಿ ರೆಡಿ ಮಾಡ್ಕೊಳೋದು

ಹಾಲಿಗೂ ಅಡಿಗಿ ಮನಿಗೂ ನಡುವ ಎರಡೂವರಿ ಫೂಟ್ ಎತ್ತರದ ಪ್ಲೈವುಡ್ ತುಂಡು ಅಡ್ಡ ಇಟ್ವಿ, ಹಳೀ ಕಪಾಟಿನ ಬಾಗಿಲು ಅದು, ರೊಕ್ಕ ಏನೂ ಖರ್ಚಾಗ್ಲಿಲ್ಲ. ನಾವು ದಾಟಬಹುದು, ದೊಡ್ಡ ಮಗ ದಾಟಬಹುದು, ಮರಿಗಿ ಆಗಲ್ಲ. ಇದೊಂದು ಇಲ್ಲದಿದ್ರ ಮುಂದಿನ ಹೆಜ್ಜಿ ಯಾವುದೂ ನಡಿಯಂಗಿಲ್ಲ, ಯಾಕಂದ್ರ ಆಟ ಬಿಟ್ಟು ಎದ್ದು ಹೋಗಬೇಕು ಅಂದ್ರ ಹೋಗ್ಲಾಕ ಒಂದು ಜಾಗ ಬೇಕಲ್ರಿ, ಇಲ್ಲಾಂದ್ರ ಹಿಂದಿಂದ ಕಾಲಿಗಿ ಜೋತು ಬಿದ್ದೇ ಬರ್ತದ.

ಹಾಲಿನ ಒಂದು ಮೂಲ್ಯಾಗ ಹಳೀ ಕೌದಿ, ನೀರಿನ ಬುಟ್ಟಿ, ಅದು ಮರಿ ಜಾಗ, ಅಲ್ಲಿ ಹುಡುಗ್ರು ಕಾಲಿಡಂಗಿಲ್ಲ. ಮನಿ ಒಳಗೂ ಕೊರಳಪಟ್ಟಿಗಿ ನಾಕು ಫೂಟ್ ಹಗೂರ ಹಗ್ಗ ಕಟ್ಟಿ ಬಿಡ್ತಿದ್ವಿ, ದೊಡ್ಡೋರು ನೋಡ್ಕೋತ ಕುಂತಾಗ ಮಾತ್ರ, ಇಲ್ಲಾಂದ್ರ ಎಲ್ಲರೆ ಸಿಕ್ಕಾಕೊಂಡು ಉರುಲು ಆಗ್ತದ. ಮರಿ ಮಗಳ ಕಡೆ ಹೊಂಟ್ರ ಹಗ್ಗದ ತುದಿ ಹಿಡದ್ರ ಸಾಕು, ಮೈ ಮ್ಯಾಗ ಕೈ ಹಾಕಿ ಎಳ್ಯೋದು ಬ್ಯಾಡ.

ಮತ್ತ ಆಟದ ಸಾಮಾನು, ಒಂದಲ್ಲ, ಕೈ ಚಾಚಿದ್ರ ಸಿಗೋ ಹಂಗ ಎಲ್ಲಾ ಕಡೆ. ಹಳೀ ಜೀನ್ಸ್ ಪ್ಯಾಂಟ್ ಮೂರು ಪಟ್ಟಿ ಹರದು ಜಡಿ ಹೆಣದಂಗ ಹೆಣದು ಎರಡೂ ತುದಿ ಗಂಟು ಹಾಕಿ ಉದ್ದ ಹಗ್ಗ ಮಾಡಿದ್ವಿ, ಅಂಗಡಿ ಆಟಿಗಿಗಿಂತ ಅದೇ ಭಾಳ ಇಷ್ಟ ಆಯ್ತು ಅದಕ. ಎಳಿ ಬಿಚ್ಚಲಾಕ ಶುರುವಾದ್ರ ಒಗದು ಹೊಸಾದು ಮಾಡ್ರಿ, ದಾರ ನುಂಗಿದ್ರ ಕರುಳಿಗಿ ತೊಂದ್ರಿ. ಹಳೀ ಚಪ್ಪಲಿ, ಹಳೀ ಸಾಕ್ಸ್ ಮಾತ್ರ ಕೊಡಬ್ಯಾಡ್ರಿ. ಹಳೇದು ಯಾವುದು, ಹೊಸಾದು ಯಾವುದು ಅಂತ ಮರಿಗಿ ತಿಳಿಯಂಗಿಲ್ಲ, ಕಾಲಿನ ವಾಸನಿ ಇದ್ದದ್ದೆಲ್ಲ ಕಡಿಲಾಕ ಅದ ಅಂತ ತಿಳ್ಕೋತದ.

ಎರಡನೇ ಹೆಜ್ಜಿ: ಮರಿಗಿಂತ ಮೊದ್ಲು ಹುಡುಗ್ರಿಗಿ ಕಲಿಸ್ರಿ

ಇದರ ಮ್ಯಾಗ ನಂದು ಭಾಳ ಜೋರ ಅದ. ಎಷ್ಟೋ ಮಂದಿ ಮರಿಗಿ ಎಲ್ಲ ಕಲಿಸ್ತಾರ, ಹುಡುಗ್ರಿಗಿ "ಏ ಹುಷಾರ್" ಅಂತ ಒಂದು ಮಾತು ಅಂದು ಬಿಡ್ತಾರ. ಐದು ವರ್ಷದ ಕೂಸಿಗಿ ಹುಷಾರ್ ಅಂದ್ರ ಏನು ಮಾಡಬೇಕಂತ ಹ್ಯಾಂಗ ಗೊತ್ತಾಗ್ತದ?

ನಮಗ ಉಪಯೋಗಕ್ಕ ಬಂದದ್ದು ಸ್ಟ್ಯಾಚ್ಯೂ ಆಟ. ಓಣ್ಯಾಗ ಹುಡುಗ್ರು ಆಡೋದೇ, ಸ್ಟ್ಯಾಚ್ಯೂ ಅಂದ್ರ ಹ್ಯಾಂಗಿದ್ದೀರಿ ಹಂಗ ನಿಂದ್ರಬೇಕು. ಮರಿ ಜಿಗೀಲಾಕ ಬಂತು, ಸ್ಟ್ಯಾಚ್ಯೂ. ಕೈ ಎರಡೂ ಎದಿಗಿ ಕಟ್ಕೊಂಡು, ಮಾರಿ ಮ್ಯಾಗೆತ್ತಿ ಗೋಡಿ ನೋಡ್ಕೋತ, ಬಾಯಿ ಮುಚ್ಕೊಂಡು. ಅಲ್ಲಾಡದ ವಸ್ತು ಜೋಡಿ ಮರಿಗಿ ಆಟ ರುಚಿಸಂಗಿಲ್ಲ. ಮೊದಲ ಎರಡು ದಿನ ಮರಿಗಿ ಬ್ಯಾರೆ ಖೋಲ್ಯಾಗ ಇಟ್ಟು ದೊಡ್ಡ ಮಗ ಮೊಣಕಾಲೂರಿ ನಾಯಿಯಾದ, ಸಣ್ಣಾಕಿ ಸ್ಟ್ಯಾಚ್ಯೂ, ಆಮ್ಯಾಗ ಉಲ್ಟಾ, ನಕ್ಕೋತ ನಕ್ಕೋತ ಕಲತ್ರು. ಖರೇ ಮರಿ ಬಂದಾಗ ಹೆದರಿಕಿ ಅರ್ಧ ಕಡಿಮಿ ಆಗಿತ್ತು. ಆದ್ರೂ ಒಂದು ತಿಳ್ಕೊರಿ, ಸಣ್ಣ ಕೂಸು ಸ್ಟ್ಯಾಚ್ಯೂ ಆಗಿ ನಿಂತು ಕಡಿಸ್ಕೋತ ನಿಂದ್ರಬೇಕು ಅಂತ ಅಲ್ಲ. ಅಕಿ ಸ್ಟ್ಯಾಚ್ಯೂ ಅಂದ ಕೂಡ್ಲೇ ದೊಡ್ಡೋರು ಎದ್ದು ಕೊರಳಪಟ್ಟಿ ಹಗ್ಗ ಹಿಡೀಬೇಕು, ಅದು ನಮ್ಮ ಕೆಲಸ.

ಇನ್ನ ಎರಡು ನಿಯಮ. ಬರಿಗೈಲೆ ಆಟ ಇಲ್ಲ, ಬೆರಳು ಆಡಿಸಿ ಕೆಣಕೋದು, ಮೂಗು ಹಿಂಡೋದು, ಬಾಲ ಎಳ್ಯೋದು ಪೂರಾ ಬಂದ್, ಆಡಬೇಕಂದ್ರ ನಡುವ ಆ ಜೀನ್ಸ್ ಹಗ್ಗ ಇರಬೇಕು. ಇದರಾಗ ಹುಡುಗ್ರಕಿಂತ ಮನಿ ಗಂಡಸ್ರಿಗಿ ಹೇಳೋದೇ ಕಷ್ಟ ಆಯ್ತು ನನಗ, ನಮ್ಮ ಮನಿಯವ್ರು ಆಫೀಸಿಂದ ಬಂದ ಕೂಡ್ಲೇ ಕೈ ಮರಿ ಬಾಯಾಗಿಟ್ಟು ಆಡಸ್ತಿದ್ರು, ಅವರ ಕೈ ಗಟ್ಟಿ, ಅವರಿಗಿ ನೋವಾಗಂಗಿಲ್ಲ, ಮರುದಿನ ಅದೇ ಆಟ ಮರಿ ಮಗಳ ಕೈ ಜೋಡಿ ಆಡ್ತಿತ್ತು. ಎರಡನೇದು, ಮಲಗಿದ ಮರಿಗಿ, ತಿನ್ನೋ ಮರಿಗಿ ಮುಟ್ಟಂಗಿಲ್ಲ. ಮತ್ತ ಆರು ವರ್ಷದೊಳಗಿನ ಕೂಸು ಮತ್ತು ಮರಿ ಇಬ್ಬರನ್ನೇ ಬಿಟ್ಟು ಒಂದು ನಿಮಿಷ ಸೈತ ಹೋಗಬ್ಯಾಡ್ರಿ, ಹಾಲು ಉಕ್ಕಿದ್ರ ಉಕ್ಲಿ.

ಮೂರನೇ ಹೆಜ್ಜಿ: ಹಲ್ಲು ಹತ್ತಿದ ಆ ಗಳಿಗಿ

ನೆಲಕ್ಕ ಕುಂತು ಜೀನ್ಸ್ ಹಗ್ಗದ್ಲೇ ಆಡ್ರಿ. ಹಲ್ಲು ಚರ್ಮಕ್ಕ ಹತ್ತಿತು. ಕೈ ಜಗ್ಗಬ್ಯಾಡ್ರಿ, ಜಗ್ಗಿದ್ರ ಚರ್ಮ ಹರೀತದ, ಮರಿಗಿ ಹಿಡೀಬೇಕು ಅಂತ ಆಸಿ ಆಗ್ತದ. ಕೈ ಸಡ್ಲ ಬಿಡ್ರಿ, ಸಾದಾ ದನಿಲೆ "ಆಯ್ತು" ಅನ್ರಿ, ಎದ್ದು ಪ್ಲೈವುಡ್ ದಾಟಿ ಆ ಕಡೆ ಹೋಗ್ರಿ, ಬೆನ್ನು ಮಾಡಿ ನಿಂತು ಹದಿನೈದು ಎಣಿಸ್ರಿ. ಹದಿನೈದೇ. ಹತ್ತು ನಿಮಿಷ ಹೊರಗಿಟ್ರ ಯಾಕ ಅಂತ ಅದಕ ನೆನಪಿರಂಗಿಲ್ಲ. ವಾಪಸ್ ಬಂದು ಕುಂತು ಹಗ್ಗ ಮುಂದ ಹಿಡೀರಿ, ಹಗ್ಗ ಹಿಡದ್ರ ಶಾಣ್ಯಾ ಅನ್ರಿ, ಆಡ್ರಿ. ಮತ್ತ ಹಲ್ಲು ಹತ್ತಿದ್ರ ಮತ್ತ ಎದ್ದು ಹೋಗ್ರಿ. ಮಾತು, ಬೈಗಳ, ಕಣ್ಣು ಬಿಡೋದು ಏನೂ ಬ್ಯಾಡ, ಆಟ ಹೋಯ್ತು ಅನ್ನೋದೇ ಅದಕ ದೊಡ್ಡ ಶಿಕ್ಷಾ.

ನಾಕೈದು ನಿಮಿಷದಾಗ ಮೂರು ಸಲ ಹಿಂಗಾತು ಅಂದ್ರ ಅದು ಕಲಿಯೋ ಹೊತ್ತಲ್ಲ. ಒಂದಕ್ಕ ಬಂದಿರ್ತದ, ಇಲ್ಲಾ ನಿದ್ದಿ ಬಂದಿರ್ತದ. ಹೊರಗ ಕರ್ಕೊಂಡು ಹೋಗಿ ಬಂದು ಕೌದಿ ಮ್ಯಾಗ ಕಡಿಲಾಕ ಏನರೆ ಕೊಟ್ಟು ಬಿಡ್ರಿ.

ಮೊದಲ ದಿನ ಇಪ್ಪತ್ತು ಸಲ ಎದ್ದು ಕುಂತು ನನ್ನ ಮೊಣಕಾಲು ನೊಂದ್ವು. ಮೂರನೇ ನಾಕನೇ ದಿನಕ್ಕ ಇನ್ನಾ ಜಾಸ್ತಿ ಆಯ್ತು, ಕಾಲಿಗಿ ಬಿದ್ದು ಕಡಿಲಾಕತ್ತಿತು, ಅಲ್ಲೇ ಎಲ್ಲರೂ ಇದು ನಡ್ಯಂಗಿಲ್ಲ ಅಂತ ಕೈ ಬಿಡ್ತಾರ. ಬಿಡಬ್ಯಾಡ್ರಿ. ಇಷ್ಟು ದಿನ ಕಡದ್ರ ಸಿಗ್ತಿದ್ದ ಆಟ ಈಗ ಯಾಕ ಸಿಗವಲ್ದು ಅಂತ ಅದು ಇನ್ನಾ ಜೋರ್ ಕಡದು ನೋಡ್ಲಾಕತ್ತದ, ಅಂದ್ರ ಪಾಠ ತಾಕ್ಲಾಕತ್ತದ ಅಂತ. ಇಂಥಾ ಹೊತ್ತಿನ್ಯಾಗ ಒಬ್ರು ಸೋತು ಆಡಿಸಿದ್ರ, ಜೋರ್ ಕಡದ್ರ ಸಿಗ್ತದ ಅಂತ ಕಲ್ತು ಬಿಡ್ತದ. ನಮಗ ಎರಡನೇ ವಾರದಾಗ ಫರಕ್ ಕಾಣ್ತು.

ಕುಂಯ್ ಅಂತ ಮರಿ ಹಂಗ ಚೀರ್ರಿ, ಬಿಡ್ತದ ಅಂತ ಭಾಳ ಮಂದಿ ಹೇಳ್ತಾರ. ಕೆಲವು ಮರಿ ಬಿಡ್ತಾವ, ನಮ್ಮ ಶೇರುಗ ಅದು ಕೇಳಿದ್ರ ಇನ್ನಾ ಹುರುಪು ಬರ್ತಿತ್ತು. ನೀವು ಎರಡು ಸಲ ಮಾಡಿ ನೋಡ್ರಿ, ಹಿಂದ ಸರದ್ರ ಛಲೋ, ಸರೀದಿದ್ರ ಅಲ್ಲಿಗೇ ಬಿಡ್ರಿ. ಹುಡುಗ್ರಿಗಂತೂ ಇದನ್ನ ಕಲಿಸ್ಲೇ ಬ್ಯಾಡ್ರಿ, ಅವರು ಚೀರೋದು ಮೊದ್ಲೇ ಜಾಸ್ತಿ.

ಇನ್ನೊಂದು, ಮೊದ್ಲು ಜೋರ್ ಕಡತ ಅಷ್ಟೇ ನಿಲ್ಲಿಸಿ ಹಗೂರ ಬಾಯಿ ಹಾಕೋದು ಬಿಟ್ಟುಕೊಂಡು, ಬರಬರತಾ ಅದನ್ನೂ ನಿಲ್ಲಿಸ್ರಿ ಅಂತ ಒಂದು ಪದ್ಧತಿ ಅದ. ದೊಡ್ಡೋರೇ ಇರೋ ಮನಿಗಿ ಅದು ಛಲೋ ಪದ್ಧತಿ, ಬಾಯಿ ಮೆತ್ತಗಾಗ್ತದ. ಹುಡುಗ್ರ ಮನಿಗಿ ನಾ ಹೇಳೋದು, ನಿಮ್ಮ ಕೈ ಮ್ಯಾಗ ಬೇಕಾದ್ರ ಹಂಗ ಮಾಡ್ರಿ, ಹುಡುಗ್ರ ಮೈಗಿ ಮಾತ್ರ ಮೊದಲ ದಿನದಿಂದ್ಲೇ ಹಲ್ಲು ಹತ್ತಬಾರದು, ಹಗೂರನೂ ಬ್ಯಾಡ.

ನಾಕನೇ ಹೆಜ್ಜಿ: ಕಡೀದಿದ್ದಾಗ ಏನ್ ಸಿಗ್ತದ

ಬರೀ ಬ್ಯಾಡ ಅನ್ಕೋತ ಕುಂತ್ರ ಏನು ಮಾಡಬೇಕಂತ ಅದಕ ಹ್ಯಾಂಗ ತಿಳೀಬೇಕು. ಕಟಕ್ ರೊಟ್ಟಿ ಕಾಳಿನಷ್ಟು ಸಣ್ಣ ಸಣ್ಣ ಮುರದು ಡಬ್ಬ್ಯಾಗ ಹಾಕಿಟ್ಟಿದ್ವಿ, ಉಪ್ಪಿಲ್ಲದ್ದು. ಬೇಸಿದ ತತ್ತಿ ಚೂರು, ಎಲುಬಿಲ್ಲದ ಬೇಸಿದ ಕೋಳಿ ಚೂರೂ ನಡೀತಾವ. ನಾಕೂ ಕಾಲು ನೆಲದ ಮ್ಯಾಗಿದ್ರ ಒಂದು ಚೂರು, ತಾನಾಗೇ ಕುಂತ್ರ ಒಂದು ಚೂರು. ಆಮ್ಯಾಗ "ಕುಂದ್ರು" ಅನ್ನೋದು ಕಲಿಸಿ, ಹುಡುಗ್ರು ಸಾಲಿಯಿಂದ ಬಂದಾಗ ಕುಂತ್ರೇ ಅವರು ಮೈ ಸವರ್ತಾರ ಅಂತ ಮಾಡಿದ್ವಿ. ಮಗಳು ಚೂರು ಕೊಡೋವಾಗ ಬೆರಳಿನ ತುದಿಲೆ ಅಲ್ಲ, ಅಂಗೈ ಚಪ್ಪಟಿ ಮಾಡಿ ಕೊಡಬೇಕು.

ಸವರೋದಕ್ಕೂ ಲೆಕ್ಕ ಅದ: ಮೂರು ಎಣಿಸೋತನಕ ಎದಿ ಇಲ್ಲಾ ಕೊರಳ ಬದಿ ಸವರು, ಕೈ ತಗಿ. ಮರಿ ಮತ್ತ ಹತ್ರ ಬಂದ್ರ ಇನ್ನ ಮೂರು. ಮಾರಿ ತಿರುವಿದ್ರ, ತುಟಿ ನೆಕ್ಕೊಂಡ್ರ, ಆಕಳಿಸಿದ್ರ ಸಾಕು ಅಂತ ಅರ್ಥ. ತಬ್ಬಿ ಹಿಡಿಯೋದು, ಎತ್ಕೊಂಡು ತಿರುಗೋದು ಬ್ಯಾಡ, ಬಿಡಿಸ್ಕೊಳ್ಳಾಕ ಮರಿ ಹಂತ್ಯಾಕ ಇರೋದು ಹಲ್ಲು ಒಂದೇ.

"ಬಿಡು" ಅನ್ನೋದೂ ಕಲಿಸ್ರಿ, ಬಾಯಾಗಿನ ಸಾಮಾನಿಗಿ ಬದಲಿ ಚೂರು ತೋರಿಸಿ, ಬಿಟ್ಟಾಗ ಚೂರು ಕೊಟ್ಟು, ಆಗಬಹುದಾದ್ರ ಸಾಮಾನೂ ವಾಪಸ್ ಕೊಟ್ಟು. ಕಸ್ಕೊಂಡ್ರ ಮುಂದ ಅಡಗಿಸಿ ಕಡೀತದ.

ನಿದ್ದಿ

ಇದಕ ಹೆಜ್ಜಿ ನಂಬರ್ ಹಾಕಿಲ್ಲ, ಆದ್ರ ನಮ್ಮನಿ ಅರ್ಧ ಸಮಸ್ಯಾ ಇದರಿಂದ್ಲೇ ಹೋಯ್ತು. ಎರಡು ಮೂರು ತಿಂಗಳ ಮರಿಗಿ ದಿನಕ್ಕ 18ರಿಂದ 20 ತಾಸು ನಿದ್ದಿ ಬೇಕು. ಹುಡುಗ್ರ ಮನ್ಯಾಗ ಅದು ಎಲ್ಲಿ ಆಗ್ತದ್ರಿ, ಒಬ್ರು ಎಬ್ಬಿಸ್ತಾರ, ಟಿವಿ, ಬೆಲ್, ಓಣಿ ಹುಡುಗ್ರು ಮರಿ ನೋಡ್ಲಾಕ ಬರ್ತಾರ. ಸಂಜಿ ಆರೇಳರ ಹೊತ್ತಿಗಿ ನಿದ್ದಿಗೆಟ್ಟ ಕೂಸಿನ ಹಂಗ ಹಟ ಹಿಡದು ಹಾಲ್ ತುಂಬ ಓಡಿ ಸಿಕ್ಕಿದ್ದಕ್ಕ ಬಾಯಿ ಹಾಕ್ತದ, ನಮ್ಮ ಮಗಳಿಗಿ ಕಡದದ್ದೂ ಏಳಕ್ಕೇ ಅಲ್ಲೇನ್ರಿ? ಅದಕ ಎಚ್ಚರ ಒಂದು ತಾಸು, ಮಲಗೋದು ಎರಡು ತಾಸು ಅಂತ ಇಟ್ವಿ. ತಾಸು ಆದ ಕೂಡ್ಲೇ ಮೂಲ್ಯಾಗ ಕೌದಿ ಮ್ಯಾಗ, ಪರದಾ ಎಳದು, ಫ್ಯಾನ್ ಹಚ್ಚಿ. ಮಗಳು ರಟ್ಟಿನ ಮ್ಯಾಗ "ಶೇರು ಮಲಗ್ಯಾನ" ಅಂತ ಬರದು ಅಲ್ಲೇ ತೂಗು ಹಾಕಿದ್ಳು, ಓಣಿ ಹುಡುಗ್ರಿಗಿ ಅಕಿನೇ ಕಾವಲು.

ಹಲ್ಲು ಬೀಳೋ ತಿಂಗಳು

ಮರಿಗಿ ಹಾಲ ಹಲ್ಲು 28, ಸೂಜಿ ಹಂಗ ಚೂಪು. ಮೂರೂವರಿ ನಾಕು ತಿಂಗಳಿಂದ ಅವು ಬಿದ್ದು ಆರೇಳು ತಿಂಗಳಿಗಿ 42 ಹಲ್ಲು ಪೂರಾ ಬರ್ತಾವ. ಆಗ ವಸಡು ಕಡತ ಬಂದು ಬಾಯಿ ಹಾಕೋದು ಮತ್ತ ಜಾಸ್ತಿ ಆಗ್ತದ, ಕಲಿಸಿದ್ದೆಲ್ಲ ಮರೀತೇನೋ ಅನಸ್ತದ, ಮರತಿರಂಗಿಲ್ಲ. ಆಟಿಗಿ ಮ್ಯಾಗ ಒಂದೀಟು ರಕ್ತ, ನೆಲದ ಮ್ಯಾಗ ಅಕ್ಕಿಕಾಳಿನಂಥ ಹಲ್ಲು ಕಂಡ್ರ ಹೆದರಬ್ಯಾಡ್ರಿ. ಟವೆಲ್ ತುಂಡು ನೀರಾಗ ಅದ್ದಿ ಹಿಂಡಿ ಹುರಿ ಮಾಡಿ ಫ್ರೀಜರ್‌ನ್ಯಾಗಿಟ್ಟು ಕೊಡ್ರಿ, ತಣ್ಣಗಿನ ದೊಡ್ಡ ಗಜ್ಜರಿ ಕೊಡ್ರಿ, ಎರಡೂ ನೀವು ಎದುರಿಗಿ ಕುಂತು. ಬೇಸಿದ ಎಲುಬು ಬ್ಯಾಡ, ಐತವಾರದ ಮಟನ್ ಎಲುಬು ಚೂರಾಗಿ ಗಂಟಲಿಗಿ, ಕರುಳಿಗಿ ಚುಚ್ತಾವ. ಹುಡುಗ್ರ ಕೈಯಾಗಿನ ಚಾಕಲೇಟ್, ದ್ರಾಕ್ಷಿ, ಮಣುಕ, ಉಳ್ಳಾಗಡ್ಡಿ ಹಾಕಿದ ಪಲ್ಯ ಇವೆಲ್ಲ ನಾಯಿಗಿ ವಿಷ.

ನಮ್ಮ ಬಿಸಲೂ ಲೆಕ್ಕಕ್ಕ ತಗೋರಿ. ಏಪ್ರಿಲ್ ಮೇ ತಿಂಗಳದಾಗ 42 ಡಿಗ್ರಿ ದಾಟ್ತದ, ಹುಡುಗ್ರಿಗಿ ಸೂಟಿ, ಎಲ್ಲರೂ ಮನ್ಯಾಗೇ, ಸೆಕಿಗಿ ಮರಿನೂ ಸಿಡಿಸಿಡಿ. ಮುಂಜಾನಿ ಆರರೊಳಗ ಅಡ್ಡಾಡಿಸಿ ಬರ್ರಿ, ರಸ್ತಾದ ಮ್ಯಾಗ ನಿಮ್ಮ ಬರಿಗಾಲು ನಿಂದ್ರಂಗಿಲ್ಲಂದ್ರ ಅದರ ಕಾಲೂ ಸುಡ್ತದ. ಮಧ್ಯಾಹ್ನ ಶಹಾಬಾದ್ ಫರಸಿ ಮ್ಯಾಗ ಕೂಲರ್ ಗಾಳಿಗಿ ಮಲಗಿಸ್ರಿ, ಓಡೋ ಆಟ ಬ್ಯಾಡ, ವಸ್ತ್ರದಾಗ ರೊಟ್ಟಿ ಚೂರು ಸುತ್ತಿ ಹುಡುಕೋ ಆಟ ಆಡಿಸ್ರಿ.

ಮಾಡಲೇಬಾರದ್ದು

ಪೇಪರ್ ಸುತ್ತಿ ಮೂಗಿಗಿ ಹೊಡಿಯೋದು, ಬಾಯಿ ಅಮುಕಿ ಹಿಡಿಯೋದು, ಬೆನ್ನ ಮ್ಯಾಗ ಕೆಡವಿ ಒತ್ತೋದು, ಕೈಗಿ ಖಾರ ಹಚ್ಕೊಂಡು ಬಾಯಾಗಿಡೋದು. ಹೊಡದ್ರ ನಿಲ್ತದ, ನಿಮ್ಮ ಮುಂದ. ಕೈ ಬಂತು ಅಂದ್ರ ಏಟು ಅಂತ ಕಲ್ತ ಮರಿ, ಸವರಲಾಕ ಬಂದ ಮಗಳ ಕೈಗೂ ಹೆದರಿ ಕಡೀತದ. ಗುರ್ ಅಂದಾಗ ಹೊಡದ್ರ ಗುರ್ ಅನ್ನೋದು ಬಿಡ್ತದ, ಸೀದಾ ಕಡೀತದ. ಗುರ್ ಅನ್ನೋದು ಅದು ನಮಗ ಮೊದ್ಲೇ ಹೇಳೋ ಮಾತು, ಅದನ್ನ ಕೊಲ್ಲಬ್ಯಾಡ್ರಿ.

ಆಟ ಅಲ್ಲದ ಕಡತ

ಆಟದಾಗ ಮೈ ಸಡ್ಲ ಇರ್ತದ, ಹಿಂದ ಮ್ಯಾಗೆ ಮುಂದ ಕೆಳಗ ಮಾಡಿ ಬಗ್ಗತದ, ಅತ್ತಿತ್ತ ಜಿಗೀತದ. ಮೈ ಕಟ್ಟಿಗಿ ಹಂಗ ಬಿಗಿ ಆಗಿ, ಕಣ್ಣು ನೆಟ್ಟು, ತುಟಿ ಮ್ಯಾಗೆತ್ತಿ, ಊಟದ ಬುಟ್ಟಿ ಇಲ್ಲಾ ಎಲುಬಿನ ಮ್ಯಾಗ ಕುಂತು ಗುರ್ ಅಂದ್ರ ಅದು ಬ್ಯಾರೆ. ಬುಟ್ಟ್ಯಾಗ ಕೈ ಹಾಕಿ ರೂಢಿ ಮಾಡಸ್ತೀನಿ ಅನಬ್ಯಾಡ್ರಿ, ದೂರದಿಂದ ಇನ್ನೂ ಛಲೋ ತಿನಿಸು ಬುಟ್ಟಿ ಕಡೆ ಒಗದು ಹಿಂದ ಸರೀರಿ, ಮತ್ತ ಹುಡುಗ್ರಿಗಿ ಆ ಕಡೆ ಬಿಡಬ್ಯಾಡ್ರಿ. ಎಲ್ಲರೆ ಮುಟ್ಟಿದ್ರ ಕಡೀಲಾಕತ್ತದ ಅಂದ್ರ ಅಲ್ಲಿ ನೋವಿರಬಹುದು. ಎರಡೂ ಸಲ ಪಶು ಡಾಕ್ಟ್ರ ಹಂತ್ಯಾಕ ಹೋಗ್ರಿ. ಪಶು ಸಂಜೀವಿನಿ ಸಹಾಯವಾಣಿ 1962, ಬೀದರ್ ಕಡೆಯವರಿಗಿ ನಂದಿನಗರದ ಪಶುವೈದ್ಯಕೀಯ ಕಾಲೇಜು ಅದ.

ಮಂದಿ ಬಂದಾಗ

ಶರಣಬಸವೇಶ್ವರ ಜಾತ್ರಿಗಿ ನಮ್ಮ ನಾದಿನಿಯವರ ಮೂರು ಹುಡುಗ್ರು ಬಂದ್ರು, ಶೇರುಗ ಆಗ ನಾಕೂವರಿ ತಿಂಗಳು, ಹಲ್ಲು ಬೀಳೋ ಹೊತ್ತು. ಅವರು ಒಳಗ ಬರೋವಾಗ ಅದಕ ಹಿಂದಿನ ಖೋಲ್ಯಾಗ ಫ್ರೀಜರ್ ಟವೆಲ್ ಕೊಟ್ಟು ಇಟ್ವಿ. ಹುಡುಗ್ರು ಊಟ ಮಾಡಿ ನೆಲಕ್ಕ ಸಾಲಾಗಿ ಕುಂತ ಮ್ಯಾಗ ಹಗ್ಗ ಹಿಡದು ಕರ್ಕೊಂಡು ಬಂದೆ. ಸ್ಟ್ಯಾಚ್ಯೂ ಹ್ಯಾಂಗ ಮಾಡಬೇಕಂತ ಮಗಳೇ ಅವರಿಗಿ ಹೇಳಿಕೊಟ್ಟಿದ್ಳು. ಒಬ್ಬೊಬ್ಬರ ಅಂಗೈ ಮ್ಯಾಗ ಒಂದೊಂದು ರೊಟ್ಟಿ ಚೂರು. ನಡುವಿನಾಂವ ಎದ್ದು ಓಡ್ಲಾಕ ಹೊಂಟ, ಶೇರು ಬೆನ್ನು ಹತ್ಲಾಕ ಜಿಗೀತು, ನಾ ಹಗ್ಗ ಹಿಡದೆ, ಮಗಳು ಜೋರಾಗಿ ಸ್ಟ್ಯಾಚ್ಯೂ ಅಂದ್ಳು, ಹುಡುಗ ನಿಂತ. ಶೇರು ಒಂದು ಗಳಿಗಿ ಅಂವನ ಕಡೆ ನೋಡಿ, ನನ್ನ ಕಡೆ ತಿರುಗಿ ಕುಂತು ಬಿಡ್ತು, ಚೂರು ಎಲ್ಲಿ ಅಂತ ಡಬ್ಬಿ ನೋಡ್ಕೋತ.